ಅಣಬೆಗೊಂದು ಕಂಬಳಿ

ಅಣಬೆಯ ಫೋಟೋ ತೆಗೆಯುವ ಹುಚ್ಚು ನನಗಿದೆ ಎಂದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಯಾವ ಕಾಡಿಗೆ ಹೋಗುತ್ತೀರಿ ಎಂಬುದು. ಆಗುಂಬೆಯೋ, ಕುದುರೆಮುಖವೋ, ಕೊಡಗೋ ಎಂದು ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ನಾನಿರುವುದು ವಿಜಯಪುರದಲ್ಲಿ. ಟಿಕೋಟಾ, ಬಬಲೇಶ್ವರದ ಹೊಲಗಳ ಬದು, ಮನೆ ಹಿಂದಿನ ತಿಪ್ಪೆ, ಜಾಲಿಗಿಡದ ಬುಡ, ಬಹಳವಾದರೆ ಭೂತನಾಳ ಕೆರೆಯ ಆಸುಪಾಸಿನ ನೆಡುತೋಪು, ಇಷ್ಟೇ ನನ್ನ ಅರಣ್ಯ ಎಂದರೆ ನಗುತ್ತಾರೆ.

ನಗಲಿ. ಜಿಲ್ಲೆಯ ಒಟ್ಟು ನೆಲದಲ್ಲಿ ಕಾಡಿನ ಪಾಲು ಶೇಕಡಾ 1ನ್ನೂ ಮುಟ್ಟದಿದ್ದ ಕಾಲವನ್ನು ನಾವೆಲ್ಲ ನೋಡಿದವರೇ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಅದರ ಹಲವು ಪಟ್ಟು ಸುರಿದುಹೋಗುತ್ತದೆ. 2016ರಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾದ ಮೇಲೆ ಭೂತನಾಳದ ಕಡೆ, ಮಮದಾಪುರದ ಅರಣ್ಯಭೂಮಿಯ ಕಡೆ ಗಿಡಗಳು ಎದ್ದು ನಿಂತಿವೆ. ಊರಿನವರು ಅಲ್ಲಿ ಹಸಿರು ನೋಡಿ ಖುಷಿಪಡುತ್ತಾರೆ. ನಾನು ಖುಷಿಪಡುವುದು ಕೆಳಗೆ ಬಿದ್ದ ಎಲೆ, ಮುರಿದ ಟೊಂಗೆ, ಗೆದ್ದಲು ತಿಂದ ಬೊಡ್ಡೆ ನೋಡಿ. ಅಣಬೆಗೆ ಬೇಕಾದದ್ದು ನಿಂತ ಗಿಡಕ್ಕಿಂತ ಹೆಚ್ಚಾಗಿ ಬಿದ್ದ ಗಿಡ. ಗಿಡ ನೆಟ್ಟವರಿಗೆ ಈ ಮಾತು ಹೇಳಲು ಹೋಗಬಾರದು, ಅಷ್ಟೇ.

ಮಲೆನಾಡಿನ ಗೆಳೆಯರು ತೆಗೆದ ಅಣಬೆಯ ಚಿತ್ರಗಳನ್ನು ನೋಡಿ ಅವರ ಪದ್ಧತಿಯನ್ನು ಇಲ್ಲಿಗೆ ತಂದರೆ ನಡೆಯುವುದಿಲ್ಲ. ಅವರ ಕಾಡಿನಲ್ಲಿ ಮಧ್ಯಾಹ್ನವೂ ಮಬ್ಬು. ಎಲೆ ಅಲುಗದಷ್ಟು ಗಾಳಿ ಸತ್ತಿರುತ್ತದೆ. ಆದ್ದರಿಂದ ಅವರು ಚೀಲದಲ್ಲಿ ಬೆಳಕು ಹೊತ್ತುಕೊಂಡು ಹೋಗುತ್ತಾರೆ: ಎಲ್‌ಇಡಿ ಫಲಕ, ಫ್ಲ್ಯಾಶು, ಟಾರ್ಚು. ನಮ್ಮಲ್ಲಿ ಬೆಳಕಿಗೇನೂ ಬರವಿಲ್ಲ. ನಾವು ಹೊತ್ತುಕೊಂಡು ಹೋಗಬೇಕಾದದ್ದು ನೆರಳು. ಜೊತೆಗೆ, ಸಾಧ್ಯವಾದರೆ, ಒಂದಿಷ್ಟು ನಿಂತ ಗಾಳಿ.

ಗಾಳಿಯ ಮಾತು ಮೊದಲು ಮುಗಿಸುತ್ತೇನೆ. ಮೃಗಶಿರಾ, ಆರಿದ್ರಾ ಮಳೆಗಳಿಗೆ ಹೊಲದ ಬದುವಿನಲ್ಲಿ ಅಣಬೆ ಏಳುತ್ತವೆ ನಿಜ, ಆದರೆ ಆಗಲೇ ಆಷಾಢದ ಗಾಳಿಯೂ ಏಳುತ್ತದೆ. ಬಯಲು ಸೀಮೆಯಲ್ಲಿ ಅದನ್ನು ತಡೆಯಲು ಗುಡ್ಡವೂ ಇಲ್ಲ, ಕಾಡೂ ಇಲ್ಲ. ಎರಡಿಂಚು ಎತ್ತರದ, ಸೂಜಿಯಷ್ಟು ತೆಳ್ಳಗಿನ ಕಾಂಡದ ಅಣಬೆ ಆ ಗಾಳಿಗೆ ಬೇಡ ಬೇಡ ಎಂದು ತಲೆಯಾಡಿಸುತ್ತಲೇ ಇರುತ್ತದೆ. ಗಾಳಿಯ ಸೊಕ್ಕು ಅಡಗುವುದು ಹುಬ್ಬಿ ಮಳೆಯ ಹೊತ್ತಿಗೆ. ಹುಬ್ಬಿ, ಉತ್ತರಿ, ಹಸ್ತ. ನಮ್ಮ ದೊಡ್ಡ ಮಳೆಯೂ ಆಗಲೇ, ಸೆಪ್ಟೆಂಬರಿನಲ್ಲಿ. ಆದ್ದರಿಂದ ನನ್ನ ಸುಗ್ಗಿ ಗಣಪತಿ ಹಬ್ಬದ ಆಸುಪಾಸು.

ಅಣಬೆ ತಲೆಯಾಡಿಸಿದರೆ ಏನಂತೆ, ಒಂದು ಕ್ಷಣದಲ್ಲಿ ಕ್ಲಿಕ್ಕಿಸಿದರಾಯಿತಲ್ಲ ಎನ್ನಬಹುದು. ಒಂದೇ ಕ್ಲಿಕ್ಕಿನಲ್ಲಿ ಮುಗಿಯುವ ಕೆಲಸ ಇದಲ್ಲ. ವಸ್ತುವಿನ ಅಳತೆಯೂ ಕ್ಯಾಮೆರಾದ ಸೆನ್ಸರಿನ ಮೇಲೆ ಬೀಳುವ ಬಿಂಬದ ಅಳತೆಯೂ ಒಂದೇ ಆಗುವಷ್ಟು ಹತ್ತಿರ ಮ್ಯಾಕ್ರೋ ಲೆನ್ಸನ್ನು ಒಯ್ದಾಗ, ಎಫ್-8ರ ರಂಧ್ರ ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರು. ಒಣಗಿಸಿದ ಕಟಕ ರೊಟ್ಟಿಯಷ್ಟು ತೆಳುವಾದ ಒಂದು ಪದರ ಮಾತ್ರ ಚೂಪು. ಅದರ ಹಿಂದೂ ಮುಂದೂ ಎಲ್ಲ ಮಂಜು. ಟೊಪ್ಪಿಯ ಅಂಚು ಕಂಡರೆ ನಡುನೆತ್ತಿ ಕಾಣದು, ನೆತ್ತಿ ಕಂಡರೆ ಕಾಂಡ ಕಾಣದು. ರಂಧ್ರವನ್ನು ಎಫ್-22ಕ್ಕೆ ಕಿರಿದು ಮಾಡಿದರೆ ಆಳವೇನೋ ಹೆಚ್ಚುತ್ತದೆ, ಆದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಭೌತಶಾಸ್ತ್ರ ಯಾರ ಮುಲಾಜಿಗೂ ಬೀಳುವುದಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯವೇ ಫೋಕಸ್ ಸ್ಟ್ಯಾಕಿಂಗ್. ಅಣಬೆಯ ಎಲ್ಲಕ್ಕಿಂತ ಮುಂದಿನ ಅಂಚಿನ ಮೇಲೆ ಫೋಕಸ್ ಇಟ್ಟು ಒಂದು ಚಿತ್ರ. ಕೂದಲೆಳೆಯಷ್ಟು ಒಳಗೆ ಸರಿಸಿ ಇನ್ನೊಂದು. ಹಾಗೇ ಹಿಂದಿನ ಅಂಚು ಮುಟ್ಟುವವರೆಗೆ ಮೂವತ್ತು, ನಲವತ್ತು, ಕೆಲವೊಮ್ಮೆ ನೂರು. ಒಂದರ ಚೂಪು ಪದರ ಮುಂದಿನದರ ಮೇಲೆ ಸ್ವಲ್ಪ ಹಾಯ್ದಿರಬೇಕು, ನಡುವೆ ಸಂದು ಬಿಟ್ಟರೆ ಅಲ್ಲೊಂದು ಮಸುಕು ಪಟ್ಟಿ ಉಳಿಯುತ್ತದೆ. ಮನೆಗೆ ಬಂದ ಮೇಲೆ ಕಂಪ್ಯೂಟರು ಪ್ರತಿಯೊಂದು ಚಿತ್ರದಿಂದ ಚೂಪಾದ ಭಾಗವನ್ನಷ್ಟೇ ಹೆಕ್ಕಿ ಒಂದನ್ನಾಗಿ ಜೋಡಿಸುತ್ತದೆ. ಈಗಿನ ಹಲವು ಕ್ಯಾಮೆರಾಗಳು ಫೋಕಸನ್ನು ತಾವೇ ಹಂತಹಂತವಾಗಿ ಸರಿಸಿಕೊಳ್ಳುತ್ತವೆ. ಇಲ್ಲದವರು ಹಲ್ಲುಗಾಲಿಯ ಪಟ್ಟಿಯ ಮೇಲೆ ಕ್ಯಾಮೆರಾ ಕೂರಿಸಿ, ತಿರುಪು ತಿರುಗಿಸುತ್ತ ಹೋಗಬೇಕು. ಏನೇ ಇರಲಿ, ಈ ಸರಣಿ ಮುಗಿಯುವವರೆಗೆ ಅಣಬೆ ಅಲುಗಬಾರದು, ಕ್ಯಾಮೆರಾ ಅಲುಗಬಾರದು, ಬೆಳಕು ಬದಲಾಗಬಾರದು. ಮಳೆಗಾಲದ ವಿಜಯಪುರದಲ್ಲಿ ಈ ಮೂರೂ ಒಟ್ಟಿಗೆ ಕೂಡಿಬರುವುದೆಂದರೆ ಮದುವೆಗೆ ಗುರುಬಲ ಬಂದ ಹಾಗೆಯೇ.

ಮೊದಲು ಕ್ಯಾಮೆರಾ. ಎರಿ ಮಣ್ಣಿನ ಮೇಲೆ ಟ್ರೈಪಾಡ್ ಊರಿದವರಿಗೆ ಗೊತ್ತು, ಮಳೆಯಾದ ಮರುದಿನ ಅದು ನಿಲ್ಲುವುದಿಲ್ಲ, ಇಳಿಯುತ್ತದೆ. ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ ಇಳಿಯುತ್ತದೆ, ನಲವತ್ತನೆಯ ಚಿತ್ರದಲ್ಲಿ ಅಣಬೆ ಚೌಕಟ್ಟಿನ ಮೇಲಂಚಿಗೆ ಹೋಗಿ ನಿಂತಿರುತ್ತದೆ. ಹಿಂತಿರುಗುವಾಗ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು. ನಾನು ಟ್ರೈಪಾಡಿನ ಬದಲು ದಪ್ಪ ಬಟ್ಟೆಯ ಸಣ್ಣ ಚೀಲ ಹೊಲಿಸಿ ಅದರಲ್ಲಿ ಬಿಳಿಜೋಳ ತುಂಬಿದ್ದೇನೆ. ನೆಲದ ಮೇಲಿಟ್ಟು ಮೇಲೆ ಕ್ಯಾಮೆರಾ ಒತ್ತಿದರೆ ಕಾಳು ಸರಿದು ತಾನೇ ಕುಣಿ ಮಾಡಿಕೊಂಡು ಅದನ್ನು ಹಿಡಿದುಕೊಳ್ಳುತ್ತದೆ. ಮಾಲದಂಡಿ ಜೋಳವೇ ಆಗಬೇಕೆಂದಿಲ್ಲ. ಆದರೆ ನಮ್ಮ ಮನೆಯಲ್ಲಿ ಬೇರೆ ಇರುವುದಿಲ್ಲ.

ಗಾಳಿಗೆ ಕಂಬಳಿ. ಕುರುಬರ ಕರಿ ಕಂಬಳಿಗಿಂತ ಒಳ್ಳೆಯ ಫೋಟೋ ಸಲಕರಣೆಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ನಾಲ್ಕು ಗೂಟಕ್ಕೆ ಸುತ್ತಿದರೆ ಗಾಳಿ ನಿಲ್ಲುತ್ತದೆ. ಅಣಬೆಯ ಹಿಂದೆ ಒಂದಷ್ಟು ದೂರ ಇಳಿಬಿಟ್ಟರೆ ಹೊಳಪಿಲ್ಲದ ಕಪ್ಪು ಹಿನ್ನೆಲೆ. ತುಂತುರು ಬಂದರೆ ಕ್ಯಾಮೆರಾದ ಮೇಲೆ. ಇವೆಲ್ಲ ಬೇಡವಾದಾಗ ಅಂಗಾತವೋ ಬೋರಲೋ ಮಲಗಲು ಹಾಸಿಗೆ. ಟಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಬಳಸಿ ಬಿಟ್ಟ ಶೇಡ್ ನೆಟ್ಟಿನ ತುಂಡುಗಳು ಬೇಕಾದಷ್ಟು ಸಿಗುತ್ತವೆ, ಅವೂ ಗಾಳಿ ತಡೆಯುತ್ತವೆ. ಆದರೆ ಹಸಿರು ನೆಟ್ಟಿನಡಿ ಬಿಳಿ ಅಣಬೆಗೆ ಕಾಮಾಲೆ ಬಂದಂಥ ಬಣ್ಣ ಬರುತ್ತದೆ. ಬಿಳಿ ನೆಟ್ ಸಿಕ್ಕರೆ ಮಾತ್ರ ತರಬೇಕು.

ಇನ್ನು ಬೆಳಕು. ನೆತ್ತಿಯ ಬಿಸಿಲಿನಲ್ಲಿ ಅಣಬೆಯ ಟೊಪ್ಪಿ ಬೆಳ್ಳಗೆ ಸುಟ್ಟುಹೋಗುತ್ತದೆ, ಅಡಿಯ ಪದರಗಳೆಲ್ಲ ಕತ್ತಲು. ಛತ್ರಿ ಹಿಡಿದು ಮೊದಲು ಬಿಸಿಲನ್ನು ಕೊಲ್ಲಬೇಕು. ಆಮೇಲೆ ಬೇಕಾದಷ್ಟನ್ನೇ ಒಂದೊಂದಾಗಿ ಕರೆದುಕೊಳ್ಳಬೇಕು. ಹೋಟೆಲಿನ ಪಾರ್ಸಲ್ಲಿಗೆ ಬರುವ ಬೆಳ್ಳಿಹಾಳೆಯನ್ನು ಒಮ್ಮೆ ಮುದುಡಿ, ಬಿಡಿಸಿ, ಅಣಬೆಯ ಬುಡದ ಮುಂದೆ ಹಾಸಿದರೆ ಕೆಳಗಿನಿಂದ ಮೆಲುವಾದ ಬೆಳಕು ಏರಿ ಪದರಗಳ ಸಂದಿಯನ್ನು ತುಂಬುತ್ತದೆ. ಹಿಂದಿನಿಂದ, ಓರೆಯಾಗಿ, ಬೆಂಕಿಪೊಟ್ಟಣದಷ್ಟಿರುವ ಎಲ್‌ಇಡಿ ದೀಪ. ಅದರ ಮುಖಕ್ಕೆ ಬಟರ್ ಪೇಪರು. ಟೊಪ್ಪಿ ತೆಳ್ಳಗಿದ್ದರೆ ಆ ಬೆಳಕು ಮೈಯೊಳಗೇ ಹಾಯ್ದು ಬರುತ್ತದೆ, ಪದರಗಳು ಒಂದೊಂದೂ ಎಣಿಕೆಗೆ ಸಿಗುತ್ತವೆ. ಛತ್ರಿಯ ನೆರಳಿನ ಬೆಳಕು ಕೊಂಚ ನೀಲಿ, ಅಗ್ಗದ ದೀಪದ್ದು ಕೊಂಚ ಹಳದಿ. ಇವೆರಡರ ಜಗಳ ಬಿಡಿಸುವುದು ಆಮೇಲಿನ ಪಾಡು. ಇವೆಲ್ಲ ಸರಿಮಾಡಿಕೊಂಡು ಸರಣಿ ಶುರುಮಾಡಿದಾಗಲೇ ಮೇಲೆ ಮೋಡ ಓಡಲು ತೊಡಗುತ್ತದೆ. ಹತ್ತು ಚಿತ್ರ ಬಿಸಿಲು, ಹತ್ತು ಚಿತ್ರ ಮೋಡ ಎಂದಾದರೆ ಜೋಡಿಸಿದ ಅಣಬೆಯ ಮೈಮೇಲೆ ಪಟ್ಟೆಪಟ್ಟೆ. ಮಳೆ ಬೇಕೆಂದು ಆಕಾಶ ನೋಡುವ ರೈತರ ಹೊಲದಲ್ಲಿ ನಿಂತು, ಮೋಡ ಸರಿಯಲಿ ಎಂದು ಆಕಾಶ ನೋಡುವವನು ಆದಷ್ಟು ಬಾಯಿ ಮುಚ್ಚಿಕೊಂಡಿರುವುದು ಲೇಸು.

ಎರಿ ನೆಲದ ಇನ್ನೊಂದು ತಕರಾರು ಅದರ ಬಣ್ಣ. ಚೌಕಟ್ಟಿನ ತುಂಬ ಕರಿ ಮಣ್ಣು, ನಡುವೆ ರೂಪಾಯಿಯಗಲದ ಬಿಳಿ ಟೊಪ್ಪಿ. ಕ್ಯಾಮೆರಾದ ಲೆಕ್ಕ ಎಲ್ಲವನ್ನೂ ಬೂದುಬಣ್ಣವೆಂದೇ ನಂಬುವ ಲೆಕ್ಕ. ಕತ್ತಲಾಯಿತೆಂದು ಗಾಬರಿಯಾಗಿ ಅದು ಬೆಳಕು ಹೆಚ್ಚಿಸುತ್ತದೆ. ಅಣಬೆ ಸುಣ್ಣದ ಉಂಡೆಯಾಗುತ್ತದೆ. ಅದರ ಮಾತು ಕೇಳದೆ ಒಂದು ಸ್ಟಾಪ್, ಒಂದೂವರೆ ಸ್ಟಾಪ್ ತಗ್ಗಿಸಿ, ಮ್ಯಾನುವಲ್‌ನಲ್ಲಿ ಬೀಗ ಹಾಕಿ ಕೂರಬೇಕು.

ಗೋಳಗುಮ್ಮಟದ ಉದ್ಯಾನದ ಹುಲ್ಲಿನಲ್ಲಿ, ಒಳ್ಳೆಯ ಮಳೆಯಾದ ಎರಡು-ಮೂರು ದಿನಕ್ಕೆ, ಅಂಗೈಯಗಲದ ಬಿಳಿ ಅಣಬೆಗಳು ಗುಂಪಾಗಿ ಏಳುತ್ತವೆ. ಟೊಪ್ಪಿಯ ಮೇಲೆ ಕಂದು ಹೆಕ್ಕಳಿಕೆ, ಬಲಿತಾಗ ಅಡಿಯ ಪದರಗಳಿಗೆ ಬೂದುಹಸಿರು. ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಎಂಬ ಜಾತಿ. ತಿಂದರೆ ವಾಂತಿಭೇದಿ ಖಾತ್ರಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಮೊದಲೇ ಅನುಮತಿ ಬೇಕು, ಜೋಳದ ಚೀಲಕ್ಕೆ ಯಾರೂ ಕೇಳುವುದಿಲ್ಲ. ಗುಮ್ಮಟಕ್ಕೆ ಬೆನ್ನು ಕೊಟ್ಟು ಬೋರಲು ಮಲಗಿದ್ದೆ. ತಲೆಯ ಬಳಿ ಬೂಟುಗಳು ಬಂದು ನಿಂತವು.

“ಏನ್ ಕಳಕೊಂಡೀರಿ ಸರ? ಏನ್ ಹುಡುಕ್ಲಾಕತ್ತೀರಿ?”

“ಏನಿಲ್ರಿ, ಫೋಟೋ.”

ಕಾವಲುಗಾರರು ಒಮ್ಮೆ ನನ್ನನ್ನೂ ಒಮ್ಮೆ ಹುಲ್ಲನ್ನೂ ನೋಡಿ, ಬಹಳ ಮರ್ಯಾದೆಯಿಂದ ಕೈಮಾಡಿ ತೋರಿಸಿದರು. “ಗುಮ್ಮಟ ಆ ಕಡಿ ಐತ್ರಿ.”

ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಈ ಊರಿಗೆ ಕ್ಯಾಮೆರಾ ಬಂದದ್ದೇ ಆ ಕಡೆ ನೋಡಲು. 1855ರಲ್ಲಿ ಮುಂಬೈ ಸರ್ಕಾರ ತೋಪುದಳದ ಅಧಿಕಾರಿ ಥಾಮಸ್ ಬಿಗ್ಸ್ ಎಂಬಾತನನ್ನು ಸ್ಮಾರಕಗಳ ಚಿತ್ರ ತೆಗೆಯಲೆಂದೇ ನೇಮಿಸಿತು. ಆತ ಇಲ್ಲಿ ತೆಗೆದ ಚಿತ್ರಗಳನ್ನೂ ಮೇಜರ್ ಲಾಕ್ ತೆಗೆದವನ್ನೂ ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವನ್ನೇ ಅಚ್ಚುಹಾಕಿದರು. ಸುರಪುರದ ನಂಟಿನ ಮೆಡೋಸ್ ಟೇಲರ್ ಅದಕ್ಕೆ ಇತಿಹಾಸ ಬರೆದ, ಜೇಮ್ಸ್ ಫರ್ಗುಸನ್ ವಾಸ್ತುಶಿಲ್ಪದ ಭಾಗ ಬರೆದ. ಆ ಕಾಲದ ಕ್ಯಾಮೆರಾಕ್ಕೆ ದೀರ್ಘವಾಗಿ ಬೆಳಕು ಉಣಿಸಬೇಕಿತ್ತು. ಬಿಗ್ಸ್ ಸಾಹೇಬ ಅದೃಷ್ಟವಂತ, 1656ರಿಂದ ಮುಹಮ್ಮದ್ ಆದಿಲ್‌ಶಾಹ ಮಲಗಿರುವ ಆ ಕಟ್ಟಡ ಎಂಥ ಆಷಾಢದ ಗಾಳಿಗೂ ತಲೆಯಾಡಿಸುವಂಥದ್ದಲ್ಲ.

ಈ ಸೀಮೆಯ ಅಣಬೆಗಳಲ್ಲಿ ನನಗೆ ಅತಿ ಪ್ರೀತಿಯದು ಮಾತ್ರ ಗುಮ್ಮಟದ ಹುಲ್ಲಿನದಲ್ಲ. ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತಾರಲ್ಲ, ಆ ಕಡ್ಡಿಗಳು, ಕಿತ್ತ ಹಳೆಯ ಬೊಡ್ಡೆಗಳು ಬದುವಿನ ಮೇಲೆ ಒಟ್ಟಿಲಾಗಿ ಬಿದ್ದಿರುತ್ತವೆ. ಮಳೆ ಬಿದ್ದ ಮೇಲೆ ಅವುಗಳ ಮೈಮೇಲೆ ಉಗುರಿನಷ್ಟಗಲದ ಬೂದು ಬೀಸಣಿಗೆಗಳು ಸಾಲಾಗಿ ಏಳುತ್ತವೆ. ಶೈಜೋಫಿಲಮ್ ಕಮ್ಯೂನ್. ಅಂಟಾರ್ಕ್ಟಿಕಾ ಒಂದು ಬಿಟ್ಟು ಎಲ್ಲ ಖಂಡಗಳಲ್ಲೂ ಇರುವ ಅಣಬೆ, ಅದರಲ್ಲಿ ಅಪರೂಪವೇನೂ ಇಲ್ಲ. ಬರಿಗಣ್ಣಿಗೆ ಅದು ಒಣ ಕೊರಡಿಗೆ ಮೆತ್ತಿದ ಹತ್ತಿ.

ಸರಣಿ ತೆಗೆದು ಜೋಡಿಸಿದ ಮೇಲೆ ಅದನ್ನು ನೋಡಬೇಕು. ಮೇಲ್ಮೈ ತುಂಬ ಬಿಳಿ ರೋಮ, ಒಂದೊಂದು ರೋಮದ ತುದಿಯೂ ಬೇರೆಬೇರೆ ಆಳದಲ್ಲಿ. ಒಂದೇ ಚಿತ್ರದಲ್ಲಿ ಎಂದೂ ಸಿಗದ ತುಪ್ಪಳ. ಕೊರಡನ್ನು ಮಗುಚಿದರೆ ಅಡಿಯಲ್ಲಿ ನಸುಗೆಂಪು ಪದರಗಳು ಬುಡದ ಒಂದೇ ಬಿಂದುವಿನಿಂದ ಹರಡಿವೆ. ಹತ್ತಿರ ಹೋದರೆ ಪ್ರತಿ ಪದರವೂ ಉದ್ದಕ್ಕೆ ಸೀಳಿದೆ, ಸೀಳಿನ ಎರಡು ತುಟಿಗಳು ಆಚೀಚೆ ಸುರುಳಿ ಸುತ್ತಿವೆ. ಬಿಸಿಲು ಬಿದ್ದಂತೆ ಆ ತುಟಿಗಳು ಇನ್ನಷ್ಟು ಹೊರಳಿ ಬೀಜಕ ಹುಟ್ಟುವ ಮೈಯನ್ನು ಒಳಗೆ ಮುಚ್ಚಿಕೊಳ್ಳುತ್ತವೆ, ಇಡೀ ಅಣಬೆ ಮುದುಡಿ ಗಟ್ಟಿಯಾಗುತ್ತದೆ. ಸಾಯುವುದಿಲ್ಲ. ನೀರು ಸೋಕಿದರೆ ಕೆಲವೇ ತಾಸಿನಲ್ಲಿ ಬಿಚ್ಚಿಕೊಂಡು ಮತ್ತೆ ಬೀಜಕ ಉದುರಿಸಲು ಶುರು. ಕೆನಡಾದ ವಿನ್ನಿಪೆಗ್‌ನಲ್ಲಿದ್ದ ರೆಜಿನಾಲ್ಡ್ ಬುಲ್ಲರ್ ಎಂಬ ವಿಜ್ಞಾನಿ ಕಳೆದ ಶತಮಾನದ ಆರಂಭದಲ್ಲಿ ಇದನ್ನು ಒಣಗಿಸಿ ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಮೊಹರು ಮಾಡಿಟ್ಟ. ಆತ ತೀರಿಹೋದ ಎಷ್ಟೋ ವರ್ಷಗಳ ಮೇಲೆ, ಐವತ್ತು ವರ್ಷ ದಾಟಿದ್ದ ಆ ಒಣ ಅಣಬೆಗೆ ನೀರು ಕೊಟ್ಟರೆ ಅದು ಎದ್ದು ಕೂತಿತಂತೆ. ಬರಗಾಲದ ಜಿಲ್ಲೆ ಎಂಬ ಬಿರುದು ಹೊತ್ತ ಊರಿನವನಿಗೆ ಈ ಅಣಬೆ ಹಿಡಿಸದೆ ಇನ್ನಾವುದು ಹಿಡಿಸೀತು? ಫೋಟೋಗ್ರಾಫರನ ಮಟ್ಟಿಗೂ ಇದು ಸಂಭಾವಿತ. ಕಾಂಡವಿಲ್ಲ, ಆದ್ದರಿಂದ ಅಲುಗುವುದಿಲ್ಲ. ಕಡ್ಡಿಯನ್ನೇ ಮನೆಗೆ ತಂದು, ನೀರು ಚಿಮುಕಿಸಿ, ಬಾಗಿಲು ಹಾಕಿಕೊಂಡು ನಿಧಾನವಾಗಿ ಕೆಲಸ ಮಾಡಬಹುದು.

ತಿಪ್ಪೆಯ ಅಣಬೆ ಇದರ ತದ್ವಿರುದ್ಧ. ಸಗಣಿ ಗೊಬ್ಬರದ ಮೇಲೆ ಬೆಳಗಿನ ಜಾವ ಬೂದುಬಣ್ಣದ ಮೊಟ್ಟೆಗಳು ಉದ್ದ ಕಾಂಡ ಚಾಚಿ ನಿಂತಿರುತ್ತವೆ. ಹೊತ್ತು ಹುಟ್ಟಿದಂತೆ ಟೊಪ್ಪಿ ಗಂಟೆಯಾಗಿ, ಗಂಟೆ ಛತ್ರಿಯಾಗಿ, ಅಂಚಿನಿಂದ ತಾನೇ ತನ್ನನ್ನು ಕರಗಿಸಿಕೊಳ್ಳುತ್ತ ಕಪ್ಪು ಮಸಿಯಾಗಿ ತೊಟ್ಟಿಕ್ಕುತ್ತದೆ. ಮಧ್ಯಾಹ್ನ ಹೋದರೆ ಕಾಂಡದ ತುದಿಗೆ ಒಂದಿಷ್ಟು ಕೊಳಕು. ಇದರ ಸರಣಿ ತೆಗೆಯುವಾಗ ಗಾಳಿ ನಿಂತಿದ್ದರೂ ಪ್ರಯೋಜನವಿಲ್ಲ, ಅಣಬೆಯೇ ಬೆಳೆಯುತ್ತಿರುತ್ತದೆ. ಮೊದಲ ಚಿತ್ರದ ಅಂಚಿಗೂ ಕೊನೆಯ ಚಿತ್ರದ ಅಂಚಿಗೂ ತಾಳೆಯಾಗುವುದಿಲ್ಲ. ಇಲ್ಲಿ ದೀಪ ಬಿಟ್ಟು ಫ್ಲ್ಯಾಶಿಗೇ ಬರಬೇಕು. ಶಟರ್ ಚುರುಕಾಗಿ, ಚಿತ್ರಗಳ ಸಂಖ್ಯೆ ಕಡಿಮೆಮಾಡಿ, ಒಂದು ನಿಮಿಷದೊಳಗೆ ಎಲ್ಲ ಮುಗಿಸಿ ಏಳಬೇಕು. ತಿಪ್ಪೆಯ ಮೇಲೆ ಅದಕ್ಕಿಂತ ಹೆಚ್ಚು ಮಲಗುವ ಆಸೆ ನನಗೂ ಇಲ್ಲ. ಮನೆಯವರಂತೂ ಆ ಕಂಬಳಿಯನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಜೋಡಣೆಯ ಕೆಲಸ ರಾತ್ರಿಯದು. ನಾನು ಬಳಸುವುದು ಹೀಲಿಕಾನ್ ಫೋಕಸ್ ಎಂಬ ತಂತ್ರಾಂಶ. ಜೀರೀನ್ ಸ್ಟ್ಯಾಕರ್ ಇನ್ನೊಂದಿದೆ, ಒಂದರ ಮೇಲೊಂದು ಹಾಯ್ದ ರೋಮಗಳಿಗೆ ಅದೇ ವಾಸಿ ಎನ್ನುವವರಿದ್ದಾರೆ. ಹೀಲಿಕಾನ್ ಮಾಡುವವರು ಉಕ್ರೇನಿನ ಖಾರ್ಕಿವ್‌ನವರು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದದ್ದು ಅದೇ ಊರಿನಲ್ಲಿ. ಆ ವಾರವೆಲ್ಲ ಟಿವಿಯಲ್ಲಿ ಖಾರ್ಕಿವ್, ಕಂಪ್ಯೂಟರಿನಲ್ಲೂ ಖಾರ್ಕಿವ್. ತಿಪ್ಪೆಯ ಅಣಬೆಯ ಅಂಚು ತಿದ್ದಲು ಕೈ ಬರಲಿಲ್ಲ.

ಈಚೆಗೆ ನನ್ನ ಕೆಲಸಕ್ಕೆ ಒಬ್ಬ ಗಿರಾಕಿ ಸಿಕ್ಕಿದ್ದಾರೆ. ಟಿಕೋಟಾ ಹತ್ತಿರದ ದ್ರಾಕ್ಷಿ ಬೆಳೆಗಾರರು, ಅವರ ಬದುವಿನ ಕಡ್ಡಿ ಒಟ್ಟಿಲೇ ನನ್ನ ಶೈಜೋಫಿಲಮ್ ಗಣಿ. ಅಣಬೆಯ ಚಿತ್ರ ತೋರಿಸಿದರೆ ಅವರ ಮುಖ ಅರಳುವುದಿಲ್ಲ. ಬೂದಿರೋಗ, ಡೌನಿ ಎಂದು ವರ್ಷವಿಡೀ ಔಷಧಿ ಹೊಡೆದು ಸುಸ್ತಾದವರಿಗೆ ಬೂಷ್ಟಿನ ಕುಲವೇ ಆಗದು. “ಅಣಬಿ ಇರ್ಲಿ ಬಿಡ್ರಿ ಸರ. ನನ್ನ ಎಲಿದೊಂದು ತಗೀರಿ, ಹಿಟ್ಟಿನಹಳ್ಳಿ ಕೃಷಿ ಕಾಲೇಜಿನವ್ರಿಗೆ ತೋರಿಸ್ತೀನಿ” ಎಂದರು. ಅಕ್ಟೋಬರ್ ಚಾಟ್ನಿಯ ಮೇಲೆ ಅಕಾಲದ ಮಳೆ ಬಿದ್ದು ಡೌನಿ ಹಿಡಿದಿತ್ತು. ಡೌನಿ ನಿಜವಾದ ಶಿಲೀಂಧ್ರವೇ ಅಲ್ಲ, ನೀರಿನ ಪಾಚಿಗಳ ಕಡೆಯ ನಂಟು ಎಂದು ಶುರುಮಾಡಿದೆ. ಅವರು ನೋಡಿದ ನೋಟಕ್ಕೆ ಅಲ್ಲಿಗೇ ನಿಲ್ಲಿಸಿದೆ.

ಎಲೆ ಮಗುಚಿ, ಲೆನ್ಸಿನ ಹಿಂದೆ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ, ಓರೆ ಬೆಳಕಿನಲ್ಲಿ ಸರಣಿ ತೆಗೆದೆ. ಬರಿಗಣ್ಣಿಗೆ ಬಿಳಿ ಹಿಟ್ಟು ಚೆಲ್ಲಿದಂತಿದ್ದದ್ದು, ಜೋಡಿಸಿದ ಮೇಲೆ ಕವಲೊಡೆದ ಪುಟ್ಟ ಪುಟ್ಟ ಗಿಡಗಳ ತೋಪಾಗಿ ಎದ್ದು ನಿಂತಿತು, ಒಂದೊಂದು ರೆಂಬೆಯ ತುದಿಗೂ ಮುತ್ತು. ಕಳಿಸಿಕೊಟ್ಟೆ. ಮರುದಿನ ಫೋನು ಬಂತು.

“ಸರ, ಚಲೋ ಬಂದೈತ್ರಿ. ನಮ್ಮ ದ್ರಾಕ್ಷಿ ಗ್ರೂಪಿನ್ಯಾಗೂ ಹಾಕೀನಿ. ಎಲ್ಲಾರೂ ಇದ್ಯಾವ ಹೂವಿನ ಗಿಡ ಅಂತ ಕೇಳ್ಲಾಕತ್ತಾರ. ಒಬ್ಬಾಂವ ಸಸಿ ಎಲ್ಲಿ ಸಿಗತಾವು ಅಂದಾನ.”